ಪ್ರಾಸಕ್ಕೆ ಬಂದ ನಿದ್ದೆ

ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಹವ್ಯಾಸಗಳಲ್ಲಿ ಒಂದು, ಕಂಡ ಚಲನಚಿತ್ರಕ್ಕೆ ಒಂದು ಚುಟುಕ ಬರೆಯುವುದು. ಮಗಳು ತನ್ನ ಓಟಿಟಿ ಖಾತೆಯನ್ನು ನಮ್ಮ ಮನೆಯ ಟಿವಿಗೂ ಜೋಡಿಸಿಕೊಟ್ಟಳು. ಚಿತ್ರಮಂದಿರದ ಮೆಟ್ಟಿಲು ಹತ್ತಲಾರದ ಮೊಣಕಾಲುಗಳಿಗೆ ಅದೊಂದು ಉಪಕಾರ. ನೋಡಿದ್ದು ಮರೆತುಹೋಗದಿರಲೆಂದು ದಿನಚರಿಯಲ್ಲಿ ನಾಲ್ಕು ಸಾಲು ಗೀಚತೊಡಗಿದೆ. ಅಂಕೋಲೆಯ ದಿನಕರ ದೇಸಾಯಿಯವರ ಚೌಪದಿಗಳನ್ನು ಓದಿ ಬೆಳೆದ ತಲೆಮಾರು ನಮ್ಮದು. ನಾಲ್ಕು ಸಾಲೆಂದರೆ ಕೈ ತಾನಾಗಿಯೇ ಪ್ರಾಸ ಹುಡುಕುತ್ತದೆ.

ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’ 2024ರಲ್ಲಿ ತೆರೆಕಂಡು ಅದೇ ವರ್ಷ ನೆಟ್‌ಫ್ಲಿಕ್ಸ್‌ಗೂ ಬಂತು. ಮುಸುಕು ಹೊದ್ದ ಇಬ್ಬರು ನವವಧುಗಳು ರೈಲಿನಲ್ಲಿ ಅದಲುಬದಲಾಗುವ ಕಥೆ. ಅದಕ್ಕೆ ಹೀಗೆ ಬರೆದಿದ್ದೆ:

ಒಂದೆ ಬಣ್ಣದ ಮುಸುಕು, ಒಂದೆ ರೈಲಿನ ಬೋಗಿ;
ಇಳಿದವಳು ಬೇರೊಬ್ಬಳಿರುಳಿನಲಿ ಸಾಗಿ.
ಹುಡುಕಿದರು ಊರೆಲ್ಲ ಕಳೆದ ಹೆಣ್ಣುಗಳ;
ಹುಡುಕಿಕೊಂಡರು ಅವರೆ ತಮ್ಮ ಹೆಸರುಗಳ.

ಕುಟುಂಬದ ವಾಟ್ಸಾಪ್ ಬಳಗದಲ್ಲಿ ಇದಕ್ಕೆ ಬಂದ ಚಪ್ಪಾಳೆಗಳೇ ನನ್ನನ್ನು ಕೆಡಿಸಿದವು. ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ (2021) ನೋಡಿದ ರಾತ್ರಿ ಹನ್ನೊಂದರವರೆಗೂ ಕುಳಿತು ಬರೆದೆ:

ಚಟ್ನಿ ಕಲ್ಲಲೆ ಬೇಕು, ಒಲೆಯಲ್ಲೆ ಅನ್ನ;
ಉಂಡೆದ್ದ ಎಂಜಲನು ಬಳಿವವಳೆ ಚಿನ್ನ.
ಸಿಂಕಿನಡಿ ಸೋರುತಿದೆ ಕೊಳೆನೀರು ಇನ್ನು;
ಯಾರಿಗೂ ಕಾಣಿಸದು, ಇದ್ದರೂ ಕಣ್ಣು.

ಮನೆಯವಳಿಗೆ ಓದಿ ಹೇಳಿದೆ. “ಚೆನ್ನಾಗಿದೆ. ಬರೀವಾಗ ಕುಡಿದ ಹಾಲಿನ ಲೋಟ ಅಲ್ಲೇ ಇದೆ, ತೊಳೆದಿಡಿ” ಎಂದು ಮಲಗಲು ಹೋದಳು. ನನ್ನ ಚುಟುಕಗಳಿಗೆ ಇದುವರೆಗೆ ಬಂದ ಅತ್ಯುತ್ತಮ ವಿಮರ್ಶೆ ಅದೇ ಇರಬೇಕು.

ಆದರೆ ಇಂದು ಹೇಳಬೇಕೆಂದಿರುವುದು ಮೂರನೆಯದರ ವಿಷಯ. ಅದೊಂದು ಕನ್ನಡ ಚಿತ್ರ. ಹೆಸರು ಇಲ್ಲಿ ಬೇಡ. ಮಲೆನಾಡು, ಅಡಕೆ ತೋಟ, ಮಾತು ಕಡಿಮೆ, ಮಳೆ ಹೆಚ್ಚು. ನಾಲ್ಕು ಸಾಲು ಕೂಡ ದಂಡವೆನ್ನಿಸಿ ಎರಡರಲ್ಲೇ ಮುಗಿಸಿದೆ:

ಮಳೆಯೊಂದೆ ನಟಿಸಿತ್ತು, ಉಳಿದವರು ನಿದ್ದೆ;
ಎರಡು ತಾಸಿನ ಮೇಲೆ ನಾನೊಬ್ಬ ಎದ್ದೆ.

ಇಷ್ಟು ಬೇಗ ಯಾವುದೂ ಜನರ ಕೈಗೆ ಹತ್ತಿರಲಿಲ್ಲ. ಬಳಗದಿಂದ ಬಳಗಕ್ಕೆ ಹಾರಿತು. ನಾಲ್ಕನೆಯ ದಿನ ಒಂದು ದೂರವಾಣಿ ಕರೆ. ಧ್ವನಿ ಗುರುತು ಸಿಗಲಿಲ್ಲ. ಹೆಸರು ಹೇಳಿದಾಗ ಎಂಟನೆಯ ತರಗತಿಯ ಕೊನೆಯ ಬೆಂಚು ನೆನಪಾಯಿತು.

“ಸರ್, ನಿಮ್ಮ ಚುಟುಕ ಓದಿದೆ. ಮಾತ್ರೆ ಸರಿಯಾಗಿದೆ, ಎಣಿಸಿ ನೋಡಿದೆ” ಎಂದ. ಲಘು-ಗುರು ಹಾಕಲು ಅವನಿಗೆ ಕಲಿಸಿದವನು ನಾನೇ. ಬೀಗಿದೆ. ಬಳಿಕ ಅವನೆಂದ: “ಸರ್, ಆ ಮಳೆ ನನ್ನದು.”

ಅವನು ಆ ಚಿತ್ರದ ಧ್ವನಿಗ್ರಹಣ ವಿಭಾಗದಲ್ಲಿ ದುಡಿದವನಂತೆ. ಚಿತ್ರೀಕರಣ ಮುಗಿದ ಮೇಲೆ ಒಂದು ಆಷಾಢವಿಡೀ ರಾತ್ರಿ ಹೊತ್ತು ತೋಟದಲ್ಲಿ ಮೈಕು ನೆನೆಯದಂತೆ ಕಾಯ್ದುಕೊಂಡು ಕುಳಿತಿದ್ದನಂತೆ. ಅವನ ಧ್ವನಿಯಲ್ಲಿ ದೂರು ಇರಲಿಲ್ಲ. “ಮಳೆ ನಟಿಸಿತು ಅಂದಿರಲ್ಲ, ಅಷ್ಟು ಸಾಕು ಸರ್. ಉಳಿದವರಿಗೆ ನಾನು ತೋರಿಸಲಿಲ್ಲ.”

ಕರೆ ಮುಗಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತೆ. ನಿಜ ಹೇಳಬೇಕೆಂದರೆ ಆ ಚಿತ್ರ ನೋಡುವಾಗ ನನಗೆ ನಿದ್ದೆ ಬಂದಿರಲೇ ಇಲ್ಲ. ಮೂರು ಸಂಜೆಗಳಲ್ಲಿ ತುಂಡು ತುಂಡಾಗಿ, ನಡುವೆ ಫೋನಿಗೆ ಉತ್ತರಿಸುತ್ತ, ತರಕಾರಿಯವನಿಗೆ ಚಿಲ್ಲರೆ ಕೊಡುತ್ತ ನೋಡಿದ್ದೆ. ‘ಎದ್ದೆ’ ಎಂಬ ಮಾತು ಮೊದಲು ಹೊಳೆಯಿತು. ಅದಕ್ಕೆ ಜೊತೆಯಾಗಿ ‘ನಿದ್ದೆ’ ಬೇಕಾಯಿತು. ತೀರ್ಪು ಕೊಟ್ಟದ್ದು ಪ್ರಾಸ. ಸಹಿ ಮಾತ್ರ ನನ್ನದು. ಮೆಚ್ಚಿದ ಚಿತ್ರಗಳಿಗೆ ಬರೆದಾಗ ದಿನಗಟ್ಟಲೆ ತಿದ್ದುತ್ತಿದ್ದೆ, ಮೆಚ್ಚದಿದ್ದುದಕ್ಕೆ ಐದು ನಿಮಿಷ ಸಾಕಾಗಿತ್ತು. ಪ್ರಗತಿಪತ್ರಗಳಲ್ಲಿಯೂ ನಾನು ಹೀಗೆಯೇ ಬರೆದಿರಬಹುದು. ಒಂದು ಮಧ್ಯಾಹ್ನಕ್ಕೆ ಐವತ್ತು ಪತ್ರ, ಒಂದೊಂದರ ಷರಾ ಎರಡೆರಡು ಶಬ್ದ. ಇದೇ ಹುಡುಗನಿಗೆ ‘ಗಮನ ಸಾಲದು’ ಎಂದು ಬರೆದದ್ದು ನೆನಪಿದೆ.

ಮರುದಿನ ಮೊಮ್ಮಗನ ಇಯರ್‌ಫೋನ್ ಕೇಳಿ ಪಡೆದು, ಒಂದೇ ಪಟ್ಟಿಗೆ ಆ ಚಿತ್ರವನ್ನು ಮತ್ತೆ ನೋಡಿದೆ. ಕಥೆ ಈಗಲೂ ನಿಧಾನವೇ. ಆ ಮಾತನ್ನು ಹಿಂತೆಗೆದುಕೊಳ್ಳಲಾರೆ. ಆದರೆ ಮಳೆ ಒಂದಾಗಿರಲಿಲ್ಲ. ತಾಯಿ ಒಳಗಿದ್ದಾಗ ಹೆಂಚಿನ ಮೇಲೆ ಬೀಳುತ್ತಿತ್ತು, ಮಗ ಹೊರಟಾಗ ಎಲೆಯಿಂದ ತೊಟ್ಟಿಕ್ಕುತ್ತಿತ್ತು. ಜಗಳದ ಮಧ್ಯೆ ಒಮ್ಮೆಲೇ ನಿಂತಾಗ ನಾನು ಇಯರ್‌ಫೋನ್ ಕೆಟ್ಟಿತೆಂದು ತೆಗೆದು ನೋಡಿದೆ.

ಹಳೆಯ ಚುಟುಕವನ್ನು ಬಳಗದಿಂದ ಅಳಿಸಲು ಹೋದೆ, ಅವಧಿ ಮೀರಿತ್ತು. ಅಳಿಸಿದ್ದರೂ ಏನು, ಆ ಹೊತ್ತಿಗಾಗಲೇ ನನಗೆ ಗೊತ್ತಿಲ್ಲದವರ ಮೊಬೈಲುಗಳಲ್ಲಿ ಅದು ಸೇರಿಹೋಗಿತ್ತು. ಈಗ ಹೊಸದೊಂದನ್ನು ಬರೆಯುತ್ತಿದ್ದೇನೆ. ಎರಡು ಸಾಲು ಆಗಿದೆ:

ಅಡಕೆ ಹಾಳೆಯ ಮೇಲೆ ಒಂದು ದನಿ ಮಳೆಗೆ,
ಹೆಂಚಿನಲಿ ಬೇರೊಂದು, ಮತ್ತೊಂದು ಎಲೆಗೆ.

ಮೂರನೆಯ ಸಾಲಿಗೆ ಮೂರು ವಾರದಿಂದ ಕುಳಿತಿದ್ದೇನೆ. ಆದೊಡನೆ ಮೊದಲು ಅವನಿಗೇ ಕಳುಹಿಸುವೆ, ಮಾತ್ರೆ ಎಣಿಸಲಿ.