ಅಪ್ಪನ ಯೆಜ್ಡಿ, ಮೊದಲ ರ‍್ಯಾಲಿ, ಎರಡು ರಾತ್ರಿಯ ಲೆಕ್ಕ

ಜುಲೈ ತಿಂಗಳ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ ದಿನ. ಅವತ್ತು ಬೆಂಗಳೂರಿನಲ್ಲಿ ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರು ಗಾಡಿ ಸಮೇತ ಸೇರುತ್ತಾರೆ. ಈ ಸಲ ಹಾವೇರಿ ಕಡೆಯಿಂದ ನಾವೂ ಹೊರಟಿದ್ದೇವೆ. ನಾವು ಅಂದರೆ ಅಣ್ಣ-ತಮ್ಮ ಇಬ್ಬರು. ಒಬ್ಬರು ಪೇಪರಿಗೆ ಸುದ್ದಿ ಕಳಿಸುವವರು, ಇನ್ನೊಬ್ಬರು ಹೊಲ ನೋಡುವವರು. ಗಾಡಿ ಮಾತ್ರ ಒಂದೇ, ಅಪ್ಪನ ಯೆಜ್ಡಿ.

ಇದು ನಮ್ಮ ರಾಜ್ಯದ್ದೇ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, 1996ರಲ್ಲಿ ಮುಚ್ಚಿತು. ಗೇರ್ ಲಿವರನ್ನೇ ಎಬ್ಬಿಸಿ ನಿಲ್ಲಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಈಗಿನ ಹುಡುಗರಿಗೆ ಚಾಲೂ ಮಾಡಲಿಕ್ಕೇ ಬರುವುದಿಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷ. ಈ ನಡುವೆ ಬೆಂಗಳೂರಿನವರೊಬ್ಬರು ಫೋಟೊ ನೋಡಿ ಒಳ್ಳೇ ರೇಟು ಹೇಳಿದ್ದಾರೆ. ನಮ್ಮದು ಸೊಸೈಟಿ ಸಾಲದ ಕಂತು ಬಾಕಿ ಇದೆ, ಆ ದುಡ್ಡು ಬಂದರೆ ಮುಗಿದುಹೋಗುತ್ತದೆ. ಅವ್ವ ಒಂದೇ ಮಾತು ಹೇಳಿದಳು: "ಒಮ್ಮೆ ದೂರ ಓಡಿಸಿ ನೋಡ್ರಿ. ಓಡಿದ್ರ ಮನ್ಯಾಗ ಇರಲಿ, ಸಾಲ ಹೊಲದಾಗಿಂದ ತೀರಿಸೋಣು. ಓಡದಿದ್ರ ಕೊಟ್ಟುಬಿಡ್ರಿ." ಹಾಗಾಗಿ ನಮಗಿದು ಬರೀ ತಿರುಗಾಟವಲ್ಲ.

ಮೊದಲು ದಾರಿ ಲೆಕ್ಕ ಹಾಕಿದೆವು. ಹಾವೇರಿಯಿಂದ ಬೆಂಗಳೂರು ಸುಮಾರು 335 ಕಿಲೋಮೀಟರ್, ಪೂರ್ತಿ ರಾಷ್ಟ್ರೀಯ ಹೆದ್ದಾರಿ 48. ಹೊಸ ಬೈಕಿನವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಮ್ಮದು 50ರ ಮೇಲೆ ಓಡಿಸುವ ಗಾಡಿಯಲ್ಲ, 60 ಕಿಲೋಮೀಟರಿಗೊಮ್ಮೆ ಎಂಜಿನ್ ಆರಿಸಬೇಕು. ಹೆಡ್‌ಲೈಟೂ ಮಂದ. ಅದಕ್ಕೇ ಒಂದು ನಿಯಮ ಮಾಡಿಕೊಂಡೆವು: ಹೊತ್ತು ಮುಳುಗಿದ ಮೇಲೆ ಗಾಲಿ ಉರುಳಬಾರದು. ಎಲ್ಲಿ ಮಲಗಬೇಕು ಅನ್ನುವುದು ಇದರಿಂದಲೇ ನಿಕ್ಕಿಯಾಯಿತು.

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟರೆ ದಾವಣಗೆರೆಯಲ್ಲಿ ಬೆಣ್ಣೆದೋಸೆ, ಚಿತ್ರದುರ್ಗ ದಾಟಿ ಊಟ, ಸಂಜೆಯೊಳಗೆ ತುಮಕೂರು. ಬೆಂಗಳೂರಿನಲ್ಲೇ ರೂಮು ಯಾಕೆ ಬೇಡ ಅಂದರೆ, ಶನಿವಾರ ಸಂಜೆಯ ಟ್ರಾಫಿಕ್‌ನಲ್ಲಿ ಈ ಎಂಜಿನ್ ಬಿಸಿಯಾಗುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಉಳಿಯುವುದು 70 ಕಿಲೋಮೀಟರ್. ಭಾನುವಾರ ಬೆಳಗಿನ ಐದೂವರೆಗೆ ಹೊರಟರೆ ರಸ್ತೆ ಖಾಲಿ.

ಲಾಡ್ಜಿಗೆ ಫೋನ್ ಮಾಡಿದಾಗ ಬಾಡಿಗೆಗಿಂತ ಮೊದಲು ಮೂರು ವಿಷಯ ಕೇಳಿದೆವು. ಗಾಡಿ ಗೇಟಿನ ಒಳಗೆ ನಿಲ್ಲುತ್ತದೆಯೇ, ಹೊರಗೆಯೇ? ಚೆಕ್‌ಔಟ್ 24 ಗಂಟೆಯದ್ದೇ, ಮಧ್ಯಾಹ್ನ 12ರದ್ದೇ? ಬೆಳಗಿನ ಜಾವ ಗೇಟು ತೆಗೆಯಲು ಯಾರಾದರೂ ಇರುತ್ತಾರೆಯೇ? ಮೊದಲ ಎರಡು ಲಾಡ್ಜ್ ಅಗ್ಗ ಇದ್ದವು, ಆದರೆ ಗಾಡಿ ಬೀದಿಯಲ್ಲಿ ನಿಲ್ಲಿಸಬೇಕಂತೆ. ಮೂರನೆಯದು 200 ರೂಪಾಯಿ ಹೆಚ್ಚು, ಗಾಡಿ ಒಳಗೆ. ಅದನ್ನೇ ಹಿಡಿದೆವು. ಇಬ್ಬರ ಆಧಾರ್ ಕಾರ್ಡೂ ಬೇಕು ಅಂದಿದ್ದಾರೆ.

ಭಾನುವಾರ ರಾತ್ರಿಗೆ ಹಿರಿಯೂರಿನ ಸೋದರತ್ತೆ ಮನೆ. ಬೆಂಗಳೂರಿನಿಂದ 160 ಕಿಲೋಮೀಟರ್, ಮಧ್ಯಾಹ್ನ ಒಂದಕ್ಕೆ ಬಿಟ್ಟರೆ ಬೆಳಕಿರುವಾಗಲೇ ಮುಟ್ಟುತ್ತೇವೆ. ಅತ್ತೆಗೆ ಫೋನ್ ಮಾಡಿ, "ಬಂದು ಫೋನ್ ಮಾಡ್ತೀವಿ" ಅಂದರೆ, "ಫೋನ್ ಯಾಕ? ಅಣ್ಣನ ಗಾಡಿ ಸದ್ದಿಗೇ ಎದ್ದು ಬರ್ತೀನಿ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಇನ್ನು ಖರ್ಚು. ಹೋಗಿ ಬರಲು, ಊರೊಳಗಿನ ಓಡಾಟ ಸೇರಿ 700 ಕಿಲೋಮೀಟರ್ ಹಿಡಿದೆವು. ಲೀಟರಿಗೆ 25 ಕೊಟ್ಟರೂ 28 ಲೀಟರ್ ಪೆಟ್ರೋಲ್. ಟೂ-ಸ್ಟ್ರೋಕ್ ಗಾಡಿಯಾದ್ದರಿಂದ ಲೀಟರಿಗೆ 40 ಎಂ.ಎಲ್. ಆಯಿಲ್ ಬೆರೆಸಬೇಕು, ಒಟ್ಟು ಒಂದು ಲೀಟರಿಗೂ ಚೂರು ಜಾಸ್ತಿ. ಅದನ್ನು ಊರಿಂದಲೇ ಒಯ್ಯುತ್ತೇವೆ. ಟೋಲ್‌ನಲ್ಲಿ ಬೈಕಿಗೆ ದುಡ್ಡಿಲ್ಲ, ಅದೊಂದು ಪುಣ್ಯ.

ಚೀಲದಲ್ಲಿ ಕ್ಲಚ್ ವೈರು, ಎಕ್ಸಲೇಟರ್ ವೈರು, ಎರಡು ಪ್ಲಗ್ಗು, ಒಂದು ಟ್ಯೂಬು, ಚೈನ್ ಲಾಕು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ನಮ್ಮದು ಆಗಿದೆ. ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಸೇರಿಸಿ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದೇವೆ. ಹೆಲ್ಮೆಟ್ ಹಿಂದೆ ಕೂತವರಿಗೂ ಬೇಕು.

ಈಗ ಪುನರ್ವಸು ಮಳೆ. ದಾವಣಗೆರೆವರೆಗೆ ತೊಯ್ಯುವುದು ಖಾತ್ರಿ. ಚಿತ್ರದುರ್ಗದಿಂದಾಚೆ ಮಳೆ ಕಮ್ಮಿ, ಆದರೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿ ನಮ್ಮನ್ನೂ ಅಡ್ಡ ತಳ್ಳುತ್ತದೆ. ಅಲ್ಲಿ 40ರಲ್ಲೇ ಹೋಗುವುದು. ಗೋವಿನಜೋಳಕ್ಕೆ ಎಡೆ ಹೊಡೆಯುವ ಹೊತ್ತು ಬೇರೆ. ಪಕ್ಕದ ಹೊಲದ ಕಾಕಾ ಎರಡು ದಿನ ಸಂಭಾಳಿಸುತ್ತೇನೆ ಅಂದಿದ್ದಾರೆ. ಸುದ್ದಿ ಇದ್ದರೆ ತುಮಕೂರಿನ ರೂಮಿನಿಂದಲೇ ಟೈಪು ಮಾಡಿ ಕಳಿಸಬಹುದು.

ಮೊದಲ ಸಲ ಹಳೇ ಗಾಡಿ ತೆಗೆದುಕೊಂಡು ದೂರ ಹೋಗುವವರಿಗೆ ನಮ್ಮದೊಂದೇ ಮಾತು: ಮಲಗುವ ಊರನ್ನು ಗಾಡಿಯ ತಾಕತ್ತು ನೋಡಿ ಆರಿಸಿ, ನಿಮ್ಮ ಹುಮ್ಮಸ್ಸು ನೋಡಿ ಅಲ್ಲ.

ಗಾಡಿ ಕೇಳಿದವರಿಗೆ ಮಂಗಳವಾರ ಫೋನ್ ಮಾಡಲು ಹೇಳಿದ್ದೇವೆ. ನಾವು ಸೋಮವಾರ ಮಧ್ಯಾಹ್ನ ಊರು ಮುಟ್ಟಬೇಕು. ಯೆಜ್ಡಿಯ ಮೇಲೋ, ಟೆಂಪೋದಲ್ಲಿ ಯೆಜ್ಡಿ ಹೇರಿಕೊಂಡೋ, ಅವ್ವನಿಗೆ ಬಾಗಿಲಲ್ಲೇ ಉತ್ತರ ಸಿಗುತ್ತದೆ.