ವ್ಯಾನಿನ ಹಿಂದ್ಗಡೆ ಲೈಟು



ಸಂಘಟನೆಯ ವ್ಯಾನಿನ ಹಿಂದ್ಗಡೆ, ಸಾಮಾನು ಇಡೋ ಜಾಗಕ್ಕೆ ಎಲ್‌ಇಡಿ ಹಾಕಿದ್ವಿ. ಇಷ್ಟಕ್ಕೊಂದು ಪೋಸ್ಟ್ ಯಾಕೆ ಅಂತೀರಾ? ದೌರ್ಜನ್ಯ ಆದ ಊರಿಗೆ ನಾವು ತಲುಪೋದು ಹೆಚ್ಚಾಗಿ ರಾತ್ರಿ. ನೊಂದವರ ಮಾತು ಕೇಳೋದು, ದೂರು ಬರೆಯೋದು, ಓದಿ ಹೇಳೋದು ಎಲ್ಲಾ ಅಲ್ಲೇ. ನಮ್ಮ ಕೇರಿಗಳ ಬೀದಿದೀಪದ ಕಥೆ ನಿಮಗೇ ಗೊತ್ತು.

ಹಳೇ ಬಲ್ಬು 10 ವಾಟ್. 12 ವೋಲ್ಟ್ ಬ್ಯಾಟರಿಯಿಂದ ಸುಮಾರು 0.8 ಆಂಪಿಯರ್ ಎಳೀತಿತ್ತು, ಕೊಡ್ತಿದ್ದದ್ದು ಮಂಕು ಹಳದಿ ಬೆಳಕು. ಹೊಸ ಎಲ್‌ಇಡಿ 2 ವಾಟ್, 0.2 ಆಂಪಿಯರೂ ಇಲ್ಲ. ಇಂಜಿನ್ ಆಫ್ ಮಾಡಿ ಮೂರು ಗಂಟೆ ಕೂತ್ರೂ ಬ್ಯಾಟರಿ ಕೈಕೊಡಲ್ಲ.

ನೀವೂ ಹಾಕೋದಾದ್ರೆ, ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಇರತ್ತೆ, ಉರೀದಿದ್ರೆ ತಿರುಗಿಸಿ ಹಾಕಿ. ಹೊಸ ವೈರ್ ಎಳೆದ್ರೆ ಪ್ಲಸ್ ಲೈನಿಗೆ, ಬ್ಯಾಟರಿ ಹತ್ರಾನೇ, ಸಣ್ಣ ಫ್ಯೂಸ್ ಇರಲೇಬೇಕು. ಬಾಗಿಲು ತೆಗೆದ್ರೆ ಮಾತ್ರ ಹತ್ತೋ ಲೈಟು ಸಾಲದು, ಬೇರೆ ಸ್ವಿಚ್ ಕೊಡಿ. ಬಾಗಿಲು ಮುಚ್ಚಿಕೊಂಡೇ ಮಾತಾಡಬೇಕಾದ ಅಕ್ಕಂದಿರು ಇರ್ತಾರೆ.

1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ ನೆನಪಿರಲಿ. ಬಾಯಲ್ಲಿ ಹೇಳಿದ ದೂರನ್ನ ಪೊಲೀಸ್ ಅಧಿಕಾರಿ ಬರಕೊಂಡ್ರೆ, ಸಹಿಗೆ ಮುಂಚೆ ಓದಿ ಹೇಳಬೇಕು, ಪ್ರತಿಯನ್ನ ಕೂಡಲೇ ಕೊಡಬೇಕು. ಆ ಪ್ರತಿ ಬೆಳಗಾಗೋವರೆಗೆ ಜೇಬಲ್ಲಿ ಇರಬಾರದು. ಯಾರ ಹೆಸರು ಬಿಟ್ಟಿದೆ, ಜಾತಿ ಹಿಡಿದು ಬೈದ ಮಾತು ಬರೆದಿದ್ದಾರಾ, ಆ ರಾತ್ರೀನೇ ನೋಡ್ಬೇಕು.

ವಯರಿಂಗ್ ಗೊತ್ತಿರೋ ನಮ್ಮ ಹುಡುಗರು ಪ್ರತಿ ತಾಲೂಕಲ್ಲೂ ಇದ್ದಾರೆ. ಮುಂದೆ ಬನ್ನಿ, ಉಳಿದ ಗಾಡಿಗಳಿಗೂ ಹಾಕೋಣ.