ಬೀಟೆಯ ಮೇಲೆ ಬಣ್ಣ ಏರಿ ಇಳಿದದ್ದು

ಕೊಡಗಿನ ಹಳೆಯ ಮನೆಗಳ ಮರದ ಸಾಮಾನು ಹೆಚ್ಚಾಗಿ ಬೀಟೆ, ತೇಗ, ಹಲಸಿನದು. ಕುಲದ ಮೂಲ ಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕಂಬಗಳ ನಡುವೆ ಕೂರಿಸಿದ ಐಮರಕ್ಕೆ ಯಾರೂ ಬಣ್ಣ ಬಳಿಯುತ್ತಿರಲಿಲ್ಲ. ತಲೆಮಾರುಗಳ ಕಾಲ ಜನ ಕೂತೆದ್ದೇ ಆ ಹಲಗೆ ನುಣುಪಾಗಿ ಹೊಳೆಯುತ್ತಿತ್ತು. 19ನೇ ಶತಮಾನದ ನಡುವಿನಿಂದ ಬ್ರಿಟಿಷರ ಕಾಫಿ ತೋಟಗಳು ಹಬ್ಬಿದಂತೆ ಬಂಗಲೆ ಮಾದರಿಯ ಮಂಚ, ಬೀರು, ಉದ್ದ ತೋಳಿನ ಬೆತ್ತದ ಆರಾಮಕುರ್ಚಿ ಊರಿನವರ ಮನೆಗಳಿಗೂ ಬಂದವು. ಅವುಗಳ ಹಿಂದೆಯೇ ಬಂದದ್ದು ಸ್ಪಿರಿಟ್ ಪಾಲಿಶ್.

ಪಾಲಿಶಿಗೆ ಕಾಲ ನೋಡಬೇಕಿತ್ತು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂಥ ಕಡೆ ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹೊಳಪಿನ ಬದಲು ಹಾಲು ಚೆಲ್ಲಿದಂಥ ಬಿಳುಪು ಬರುತ್ತದೆ. ಮಳೆ ಬಿಟ್ಟರೆ ಕಾಫಿ ಕೊಯ್ಲು. ಕಣದ ದೂಳೆಲ್ಲ ಹಸಿ ಪಾಲಿಶಿಗೆ. ಹಾಗಾಗಿ ಕೊಯ್ಲು ಮುಗಿದು, ಏಪ್ರಿಲ್-ಮೇ ತಿಂಗಳ ಮದುವೆಗಳು ಶುರುವಾಗುವ ಮುನ್ನ ಪಾಲಿಶಿನವನು ಮನೆಗೇ ಬರುತ್ತಿದ್ದ. ಅರಗಿನ ಚಕ್ಕೆಗಳನ್ನು ಹಿಂದಿನ ರಾತ್ರಿಯೇ ಸ್ಪಿರಿಟಿನಲ್ಲಿ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸುತ್ತಿದ್ದ. ಕುಟ್ಟೆ ಹುಳದ ತೂತಿಗೆ ಸೀಮೆಎಣ್ಣೆ ಬಿಟ್ಟು ಮೇಣ ತುಂಬಿ, ಉಪ್ಪುಕಾಗದ ಹಾಕಿ ಉಜ್ಜಿ, ಹತ್ತಿಯುಂಡೆಗೆ ಹಳೆಯ ಪಂಚೆಯ ತುಂಡು ಸುತ್ತಿ ಸುಳಿಸುಳಿಯಾಗಿ ತಿಕ್ಕುತ್ತಿದ್ದ. ಒಂದು ಕೋಟು ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಬಿಸಿ ಕಾಫಿಯ ಲೋಟ ಇಟ್ಟಲ್ಲಿ ಬಿಳಿಯ ಉಂಗುರ ಮೂಡುವುದು ಈ ಪಾಲಿಶಿನ ದೋಷ. ಆದರೆ ಹೊಸ ಕೋಟಿನ ಸ್ಪಿರಿಟ್ ಹಳೆಯ ಕೋಟನ್ನು ಕರಗಿಸಿಕೊಳ್ಳುವುದರಿಂದ ಕೆಟ್ಟ ಜಾಗವನ್ನಷ್ಟೇ ಸರಿಪಡಿಸಲು ಬರುತ್ತಿತ್ತು.

1970-80ರ ದಶಕಗಳಲ್ಲಿ ಎನಾಮಲ್ ಬಣ್ಣದ ಡಬ್ಬಿ ಮನೆಮನೆಗೆ ಬಂತು. ಅದಕ್ಕೆ ಕಸುಬಿನವನೇ ಬೇಕೆಂದಿರಲಿಲ್ಲ, ಬ್ರಷ್ ಹಿಡಿಯಬಲ್ಲ ಯಾರಾದರೂ ಆಗುತ್ತಿತ್ತು. ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಮಂಚ ಹಸಿರಾಯಿತು, ಬೀರು ಚಾಕಲೇಟ್ ಬಣ್ಣವಾಯಿತು, ಕುರ್ಚಿಯ ಅಂಚಿಗೆ ಕೆನೆ ಬಣ್ಣದ ಪಟ್ಟಿ ಬಂತು. ಕೈಚಳಕದ ಪೇಂಟರುಗಳು ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದು ಮರದ ಗೆರೆಗಳನ್ನೂ ಮೂಡಿಸುತ್ತಿದ್ದರು. ಅಸಲಿ ಬೀಟೆಯ ಮೇಲೆ ನಕಲಿ ತೇಗ! ಮೇಜುಗಳಿಗೆ ಫೆವಿಕಾಲ್ ಹಚ್ಚಿ ಸನ್ಮೈಕ ಅಂಟಿಸಿದ್ದೂ ಆಗಲೇ.

1994ರಲ್ಲಿ ಬ್ರೆಜಿಲಿನ ಕಾಫಿ ಬೆಳೆ ಹಿಮಕ್ಕೆ ಸಿಕ್ಕಿ ಜಗತ್ತಿನಲ್ಲೆಲ್ಲ ಬೆಲೆ ಏರಿತು. ಕೊಡಗಿನಲ್ಲಿ ಹೊಸ ಮನೆಗಳೆದ್ದವು, ಸೋಫಾಗಳು ಬಂದವು. ಬಣ್ಣ ಬಳಿದ ಹಳೆಯ ಸಾಮಾನು ಅಟ್ಟ ಸೇರಿತು, ಇಲ್ಲವೇ ಗುಜರಿಗೆ ಹೋಯಿತು. 2000ದ ಆಚೀಚೆ ಬೆಲೆ ಕುಸಿದಾಗ ಹೋಂಸ್ಟೇಗಳು ಹೆಚ್ಚಿದವು. ಬಂದ ಅತಿಥಿಗಳಿಗೆ ಬೇಕಾದದ್ದು ಅಟ್ಟದ ಮೇಲಿನ ಮಂಚವೇ. ಹೊಸ ಬೀಟೆಯಂತೂ ಸುಲಭಕ್ಕೆ ಸಿಗುವಂತಿರಲಿಲ್ಲ. ರಿಡೀಮ್ ಆಗದ, ಅಂದರೆ ಹಣ ಕಟ್ಟಿ ಮರದ ಹಕ್ಕು ಬಿಡಿಸಿಕೊಳ್ಳದ, ಜಮ್ಮಾ ಬಾಣೆ ಎಂಬ ವಂಶಪಾರಂಪರ್ಯದ ಜಮೀನಿನಲ್ಲಿ ಮರದ ಹಕ್ಕು ಸರಕಾರದ್ದು. 2017ರಿಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಬಿದ್ದಿದೆ.

ಹಾಗಾಗಿ ಹಳೆಯ ಸಾಮಾನಿನ ಬಣ್ಣ ತೆಗೆಯಬೇಕಾಯಿತು. ಬಳಿಯುವುದಕ್ಕಿಂತ ಕೆರೆದು ತೆಗೆಯುವುದು ಕಷ್ಟ. ಆತುರಗಾರರು ಕಾಸ್ಟಿಕ್ ಸೋಡಾ ಸುರಿದರು. ಬಳಿದ ಬಣ್ಣವೇನೋ ಹೋಯಿತು, ಮರದ ಮೈಯೂ ಕೆಟ್ಟು ಕಪ್ಪಾಯಿತು. ಬೆತ್ತಕ್ಕೆ ತಾಗಿದಲ್ಲಿ ಹೆಣಿಗೆಯನ್ನೇ ಬಿಚ್ಚಿ ಹೊಸದಾಗಿ ಹೆಣೆಯಬೇಕಾಯಿತು. ಸನ್ಮೈಕ ಬಿಡಿಸಲು ಇಸ್ತ್ರಿಪೆಟ್ಟಿಗೆಯಿಂದ ನಿಧಾನವಾಗಿ ಕಾಯಿಸಿ, ಅಂಟು ಸಡಿಲಾದಷ್ಟನ್ನೇ ಅಗಲ ಉಳಿಯಿಂದ ಎಬ್ಬಿಸಬೇಕು. ಹಳೆಯ ಎನಾಮಲ್‌ನಲ್ಲಿ ಸೀಸ ಇರುವುದುಂಟು. ಮನೆ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿದ ನಿಯಮ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಅದಕ್ಕೇ ಅಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು. ನೀರು ಹಾಕಿ ಉಜ್ಜಿ, ಕೆಸರನ್ನು ಒರೆಸಿ ತೆಗೆಯಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ಈಗ ಹೆಚ್ಚಿನವರು ಹೊಡೆಸುವುದು ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಸ್ಪ್ರೇ. ಕಾಫಿ ಲೋಟದ ಕಲೆಗೆ ಅದು ಜಗ್ಗುವುದಿಲ್ಲ. ಗೀರು ಬಿದ್ದರೆ ಮಾತ್ರ ತೇಪೆ ನಿಲ್ಲದು, ಹಲಗೆಯನ್ನು ಪೂರ್ತಿ ಉಜ್ಜಬೇಕು. ಮನೆಯಲ್ಲೇ ಕೆಲಸ ಮಾಡಿಕೊಳ್ಳುವವರಿಗೆ ಅರಗಿನ ಪಾಲಿಶೇ ಇಂದಿಗೂ ವಾಸಿ.

2018 ಮತ್ತು 2019ರ ಆಗಸ್ಟ್ ಮಳೆಯಲ್ಲಿ ನೀರು ನುಗ್ಗಿದ ಮನೆಗಳಲ್ಲಿ ಪ್ಲೈವುಡ್ ಉಬ್ಬಿ ಪದರು ಬಿಟ್ಟಿತು, ಸನ್ಮೈಕ ಎದ್ದಿತು. ಗಟ್ಟಿ ಮರದ ಸಾಮಾನನ್ನು ಉಳಿಸಿಕೊಂಡವರು ಅದನ್ನು ಬಿಸಿಲಿಗಿಡಲಿಲ್ಲ. ಕೆಸರು ತೊಳೆದು, ಬಾಗಿಲು ಮತ್ತು ಡ್ರಾಯರ್‌ಗಳನ್ನು ಕಳಚಿ, ಗಾಳಿಯಾಡುವ ನೆರಳಲ್ಲಿ ಅಡಿಯಲ್ಲಿ ರಿಪೀಸ್ ಪಟ್ಟಿ ಕೊಟ್ಟು ವಾರಗಟ್ಟಲೆ ಬಿಟ್ಟರು. ಸಡಿಲಾದ ಬೆಣೆಗಳನ್ನು ಬಿಗಿದು, ಪಾಲಿಶನ್ನು ಮುಂದಿನ ಬೇಸಗೆಗೆ ಇಟ್ಟುಕೊಂಡರು.